ಸಾಮಿಲ್ಲಿನ ಮುಂದಿನ ಹೊರಸು

ನಮ್ಮ ಹೈಸ್ಕೂಲಿನ ಹಿಂದಿ ಮಾಸ್ತರು ತೀರಿಕೊಂಡಾಗ ಸಂತಾಪ ಸಭೆಯಲ್ಲಿ ಅವರ ಬಗ್ಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಹೆಡ್‌ಮಾಸ್ತರು "ಸರಳ ಜೀವಿ" ಎಂದರು. ಗಣಿತದ ಮಾಸ್ತರು "ಭಾಳ ಸರಳ ಜೀವಿ" ಎಂದರು. ಡ್ರಿಲ್ ಮಾಸ್ತರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಯಾರ ತಂಟೆಗೂ ಹೋದವರಲ್ಲ" ಎಂದು ಮುಗಿಸಿದರು. ಅದು ಖರೆ. ಯಾರ ತಂಟೆಗಾದರೂ ಹೋಗಬೇಕೆಂದರೆ ಮೊದಲು ಎದ್ದು ನಿಲ್ಲಬೇಕಾಗುತ್ತದೆ. ಅವರಿಗೆ ಆಗದೇ ಇದ್ದದ್ದು ಅದೊಂದೇ. ಕಡೆಗೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಮೌನವನ್ನು ಅವರು ಮೆಚ್ಚುತ್ತಿದ್ದರು. ನಿಂತದ್ದನ್ನು ಮೆಚ್ಚುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ನಾನು ರಾಣೆಬೆನ್ನೂರಿನ ಆ ಶಾಲೆಗೆ ಸಮಾಜ ವಿಜ್ಞಾನ ಕಲಿಸಲು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಕುಪ್ಪೇಲೂರಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬಂದು ಹೋಗುವುದು ಸಾಕಾಗಿ, ಅವರ ಮನೆಗೆ ಅಂಟಿಕೊಂಡಿದ್ದ ಒಂದು ಖೋಲಿಯನ್ನು ಬಾಡಿಗೆಗೆ ಹಿಡಿದೆ. ಹೀಗಾಗಿ ಶಾಲೆಯಲ್ಲೂ ಓಣಿಯಲ್ಲೂ ಅವರನ್ನು ನೋಡುವ ಯೋಗ ನನ್ನದಾಯಿತು. ಎರಡೂ ಕಡೆ ಅವರು ಕುಳಿತೇ ಇರುತ್ತಿದ್ದರು.

ದೊಡ್ಡ ಮೈ, ಬಿಳಿ ಅಂಗಿ, ಕಿಸೆಯಲ್ಲಿ ಎಲೆ ಅಡಿಕೆಯ ಚಂಚಿ. ಕೂರುವ ಮುಂಚೆ ಕುರ್ಚಿಯನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದರು, ಎತ್ತಿನ ಬೆನ್ನು ತಟ್ಟಿದ ಹಾಗೆ. ಒಮ್ಮೆ ಕೂತರೆಂದರೆ ಗಂಟೆ ಹೊಡೆದರೂ ಏಳುವವರಲ್ಲ. ಮುಂದಿನ ಪೀರಿಯಡ್ಡಿನವರು ಬಾಗಿಲಲ್ಲಿ ನಿಂತು ಕೆಮ್ಮಬೇಕು. ಬೋರ್ಡಿನ ಮೇಲೆ ಬರೆಯುವ ಕೆಲಸವನ್ನು ಮಕ್ಕಳಿಗೇ ಬಿಟ್ಟಿದ್ದರು. ಅದರಿಂದ ನಮ್ಮ ಮಕ್ಕಳ ಹಿಂದಿ ಅಕ್ಷರ ಮುತ್ತಿನಂತೆ ದುಂಡಗಿದ್ದವು. ಇದು ಅವರ ಸಾಧನೆ ಎಂದು ಒಪ್ಪಲು ಹೆಡ್‌ಮಾಸ್ತರು ಕೊನೆಯವರೆಗೂ ತಯಾರಾಗಲಿಲ್ಲ. ಮಾಸ್ತರು ಯಾರನ್ನೂ ಹೊಡೆಯುತ್ತಿರಲಿಲ್ಲ. ಹೊಡೆಯಬೇಕೆಂದರೆ ಹುಡುಗ ಇದ್ದಲ್ಲಿಗೆ ತಾವು ಹೋಗಬೇಕು, ಇಲ್ಲವೇ ಅವನು ತಮ್ಮ ಹತ್ತಿರ ಬರುವ ತನಕ ಸಿಟ್ಟು ಹಿಡಿದುಕೊಂಡಿರಬೇಕು. ಎರಡೂ ತ್ರಾಸಿನ ಕೆಲಸ.

ಯಾರು ಏನು ತೊಂದರೆ ಹೇಳಿಕೊಂಡು ಬಂದರೂ ಅವರದು ಒಂದೇ ಮಾತು: "ಮೊದಲ ಕುಂದ್ರಿ. ಕುಂತ ವಿಚಾರ ಮಾಡೂಣು." ವಿಚಾರ ಮುಂದೆ ಸಾಗುತ್ತಿರಲಿಲ್ಲ. ಬಂದವರು ಒಂದಿಷ್ಟು ಹೊತ್ತು ಕೂತು, ಎಲೆ ಅಡಿಕೆ ಹಾಕಿಕೊಂಡು, ಯಾಕೋ ಸ್ವಲ್ಪ ಹಗುರಾಗಿ ಎದ್ದು ಹೋಗುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ವೈನಿ ಎಂದು ಕರೆಯುತ್ತಿದ್ದೆವು. ಸಣ್ಣ ಮೈಯ, ಚುರುಕು ಕೈಯ ಹೆಂಗಸು. "ಅಕ್ಕಿಕಾಳ ಬೀಳೂಮುಂದ ಎದ್ದು ನಿಂತಿದ್ರು ನೋಡ್ರಿ ಟೀಚರ, ಅದ ಕಡೀ ಸಲ," ಎಂದು ತಮ್ಮ ಮದುವೆಯನ್ನು ನೆನೆಸಿಕೊಳ್ಳುತ್ತಿದ್ದರು.

ಎರಡು ಸಾವಿರದ ಒಂದನೇ ಇಸವಿಯ ಗಣರಾಜ್ಯೋತ್ಸವದ ದಿನ ನಾವು ಧ್ವಜ ಹಾರಿಸಿ ಮಕ್ಕಳಿಗೆ ಬೂಂದಿ ಹಂಚಿ ಮನೆಗೆ ಬಂದೆವು. ಟಿವಿಯಲ್ಲಿ ದಿಲ್ಲಿಯ ಪರೇಡು ನೋಡೋಣವೆಂದು ಕೂತರೆ ಗುಜರಾತದ ಸುದ್ದಿ ಬಂತು. ಭೂಕಂಪ. ಊರಿಗೆ ಊರೇ ಮಣ್ಣಿನ ಗುಡ್ಡೆ. ಓಣಿಯವರೆಲ್ಲ ಟಿವಿ ಬಿಟ್ಟು ಬಾಗಿಲಿಗೆ ಬಂದು ಎದುರಿನ ಸಾಮಿಲ್ಲಿನ ಕಡೆ ನೋಡಿದೆವು. ಯಾಕೆಂದರೆ ಸಾಮಿಲ್ಲಿನ ಶೇಠರು ಕಚ್ಛದವರು. ಹರೆಯದಲ್ಲಿ ರಾಣೆಬೆನ್ನೂರಿಗೆ ಬಂದು ಕಟ್ಟಿಗೆ ಕೊಯ್ಯುವ ಕೆಲಸ ಕಲಿತು, ಆಮೇಲೆ ಸ್ವಂತ ಮಿಲ್ಲು ಹಾಕಿದವರು. ನಮ್ಮಷ್ಟೇ ಚೆಂದ ಕನ್ನಡ ಆಡುತ್ತಿದ್ದರು, ಬೈಯುವಾಗ ನಮಗಿಂತ ಚೆಂದ. ತಂದೆ ತಾಯಿ ಇಬ್ಬರೂ ಊರಲ್ಲೇ ಇದ್ದರು. ಶೇಠರು ಫೋನಿನ ನಂಬರು ತಿರುಗಿಸುತ್ತಲೇ ಇದ್ದರು. ಆ ಕಡೆ ಗಂಟೆಯೇ ಆಗುತ್ತಿರಲಿಲ್ಲ. ಸಂಜೆ ಒಂದು ಚೀಲ ಹಿಡಿದುಕೊಂಡು ಹೊರಟರು. ಗರಗಸ ನಿಂತಿತು.

ನಮ್ಮ ಶಾಲೆಯಿಂದ ಹಳೆ ಬಟ್ಟೆ ಕೂಡಿಸಿದೆವು. ಮಕ್ಕಳು ಓಣಿ ಓಣಿ ತಿರುಗಿ ತಂದದ್ದರಲ್ಲಿ ಬ್ಯಾಂಡಿನವರ ಕೆಂಪು ಕೋಟು, ಒಬ್ಬರ ಮದುವೆಯ ರುಮಾಲು, ಮೊಣಕಾಲಿನ ತನಕ ಬರುವ ಒಂದೇ ಕಾಲುಚೀಲ ಎಲ್ಲ ಇದ್ದವು. ಗಂಟು ಕಟ್ಟುವ ತನಕ ಆ ರಾಶಿಯನ್ನು ಕಾಯುವ ಕೆಲಸವನ್ನು ಹೆಡ್‌ಮಾಸ್ತರು ಹಿಂದಿ ಮಾಸ್ತರಿಗೆ ಕೊಟ್ಟರು. ಕೂತು ಮಾಡುವ ಕೆಲಸ, ಕೆಡಿಸಲು ಬರುವುದಿಲ್ಲ ಎಂದು ಅವರ ಎಣಿಕೆ. ಸಂಜೆ ಹೋಗಿ ನೋಡಿದರೆ ಮಾಸ್ತರು ರಾಶಿಯ ಮೇಲೆ ಮಲಗಿ, ಬ್ಯಾಂಡಿನವರ ಕೋಟು ಹೊದ್ದುಕೊಂಡು ಗೊರಕೆ ಹೊಡೆಯುತ್ತಿದ್ದರು. "ಊರ ಬಿದ್ದ ಮಂದೀಗೆ ಕೊಡೂ ಅರಿವಿರೀ ಇವು!" ಎಂದು ಹೆಡ್‌ಮಾಸ್ತರು ಕೂಗಿದರು. ಮಾಸ್ತರು ಕಣ್ಣು ಬಿಟ್ಟು, "ಬೆಚ್ಚಗ ಅದಾವ್ರಿ ಸರ್. ಕಳಸ್ರಿ," ಎಂದರು.

ಶೇಠರು ಫೆಬ್ರುವರಿಯಲ್ಲಿ ತಂದೆಯನ್ನು ಕರೆದುಕೊಂಡು ಬಂದರು. ತಾಯಿ ಹೋಗಿಬಿಟ್ಟಿದ್ದರು. ಮನೆ ಬಿದ್ದಾಗ ಅವರು ಒಳಗಿದ್ದರು, ತಂದೆ ಹೊರಗೆ ಎಮ್ಮೆಯ ಹತ್ತಿರ ಇದ್ದರು. ಇಷ್ಟೇ ನಮಗೆ ಗೊತ್ತಾದದ್ದು. ಶೇಠರು "ಬಾಪಾ" ಎನ್ನುತ್ತಿದ್ದರು, ಓಣಿಯವರಿಗೂ ಅವರು ಬಾಪಾ ಆದರು. ಒಣಗಿದ ಉದ್ದನೆಯ ಮೈ, ಬಿಳಿ ಮೀಸೆ, ತಲೆಗೆ ಸುತ್ತಿದ ಬಿಳಿ ಅರಿವೆ. ರಿಕ್ಷಾದಿಂದ ಇಳಿದವರು ಮಗನ ಮನೆಯ ಬಾಗಿಲ ತನಕ ನಡೆದು, ತಲೆಯೆತ್ತಿ ಮಾಳಿಗೆ ನೋಡಿ, ಹಿಂದಕ್ಕೆ ತಿರುಗಿ ಬಂದು ಮಿಲ್ಲಿನ ಮುಂದೆ ಬಯಲಲ್ಲಿ ಬಿದ್ದಿದ್ದ ಹೊರಸಿನ ಮೇಲೆ ಕೂತರು. ಅಲ್ಲೇ ಉಂಡರು. ಅಲ್ಲೇ ಮಲಗಿದರು. ಮರುದಿನವೂ ಅಷ್ಟೇ.

ಮೊದಮೊದಲು ಯಾರೂ ಗಾಬರಿಯಾಗಲಿಲ್ಲ. ಬೇಸಿಗೆ ಶುರುವಾದರೆ ನಮ್ಮ ಓಣಿಯಲ್ಲಿ ಅರ್ಧ ಮಂದಿ ಹೊರಗೇ ಮಲಗುತ್ತಾರೆ. ಆದರೆ ಮಳೆಗಾಲ ಬರುವುದಿತ್ತು. ಶೇಠರು ಡಾಕ್ಟರನ್ನು ಕರೆಸಿದರು. ಡಾಕ್ಟರು ನಿದ್ದೆ ಗುಳಿಗೆ ಕೊಟ್ಟರು; ಬಾಪಾ ಹೊರಸಿನ ಮೇಲೆಯೇ ಚೆನ್ನಾಗಿ ನಿದ್ದೆ ಮಾಡಿದರು. ಮಠದ ಅಜ್ಜನವರು ಬಂದು ತಾಯಿತ ಕಟ್ಟಿದರು. ಬಾಪಾ ಕಟ್ಟಿಸಿಕೊಂಡು ಕೈ ಮುಗಿದರು, ಎದ್ದು ಒಳಗೆ ಹೋಗಲಿಲ್ಲ.

ನಾನು ಸಮಾಜ ವಿಜ್ಞಾನದವಳು, ಭೂಕಂಪದ ಪಾಠ ಮಾಡುವವಳು. ನನ್ನನ್ನೂ ಕರೆದರು. ಭೂಮಿಯ ತಳದಲ್ಲಿ ದೊಡ್ಡ ದೊಡ್ಡ ಕಲ್ಲಿನ ಹಾಸುಗಳಿವೆ, ಅವು ಒಂದನ್ನೊಂದು ನೂಕಿದಾಗ ನೆಲ ನಡುಗುತ್ತದೆ, ನಿಮ್ಮ ಕಚ್ಛದ ನೆಲ ಬೇರೆ, ನಮ್ಮ ರಾಣೆಬೆನ್ನೂರಿನ ನೆಲ ಬೇರೆ ಎಂದೆ. ಶೇಠರು ಒಂದೊಂದೇ ವಾಕ್ಯ ಕಚ್ಛಿಯಲ್ಲಿ ಹೇಳುತ್ತ ಹೋದರು. ಬಾಪಾ ಲಕ್ಷ್ಯ ಕೊಟ್ಟು ಕೇಳಿ ಒಂದು ಪ್ರಶ್ನೆ ಕೇಳಿದರು.

"ಆ ಹಾಸುಗೋಳು ಈಗ ನಿಂತಾವೇನು ಅಂತ ಕೇಳ್ತಾರ್ರಿ ಟೀಚರ," ಎಂದರು ಶೇಠರು.

ಪಾಠದಲ್ಲಿ ಇದ್ದದ್ದನ್ನೇ ನಾನು ಹೇಳಬೇಕಾಯಿತು. ನಿಂತಿಲ್ಲ. ಯಾವಾಗಲೂ ಸರಿಯುತ್ತಲೇ ಇರುತ್ತವೆ.

ಶೇಠರು ಅದನ್ನು ಹೇಳಿದರು. ಬಾಪಾ ಹೊರಸನ್ನು ಮಿಲ್ಲಿನ ಗೋಡೆಯಿಂದ ಇನ್ನೂ ಸ್ವಲ್ಪ ದೂರ ಎಳೆದುಕೊಂಡರು. ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ.

ಶೇಠರ ಹೆಂಡತಿಗೆ ಒಂದು ವಿಚಾರ ಹೊಳೆಯಿತು. ಮಾವನವರಿಗೆ ಸ್ವಲ್ಪ ಹಿಂದಿ ತಿಳಿಯುತ್ತದೆ, ಎದುರು ಮನೆಯಲ್ಲೇ ಹಿಂದಿ ಮಾಸ್ತರಿದ್ದಾರೆ, ಮಗನ ಮಾತು ಕೇಳದವರು ಓದಿದವರ ಮಾತು ಕೇಳಬಹುದು. ಶೇಠರು ಬಂದು, "ಮಾಸ್ತರ, ಬಾಪಾಗ ಒಂದೀಟ ತಿಳಿಸಿ ಹೇಳ್ರಿ," ಎಂದರು. ಮಾಸ್ತರು ಓಣಿ ದಾಟಿ ಹೋಗಬೇಕಾಯಿತು. ವೈನಿ ಕೈಯಲ್ಲಿದ್ದ ಲಟ್ಟಣಿಗೆ ಹಿಡಿದುಕೊಂಡೇ ನೋಡಲು ಬಾಗಿಲಿಗೆ ಬಂದರು.

ಮಾಸ್ತರು ಬಾಪಾನ ಮುಂದೆ ನಿಂತು, ಪಠ್ಯಪುಸ್ತಕದ ಹಿಂದಿಯಲ್ಲಿ, ಮಾನ್ಯರೇ ತಾವು ಗೃಹಪ್ರವೇಶ ಮಾಡಬೇಕು ಎಂಬಂಥ ಒಂದು ಉದ್ದ ವಾಕ್ಯ ಹೇಳಿದರು. ಬಾಪಾಗೆ ಒಂದಕ್ಷರವೂ ತಿಳಿಯಲಿಲ್ಲ. ಅವರು ಹಳ್ಳಿಯ ಹಿಂದಿಯಲ್ಲಿ ಏನೋ ಹೇಳಿದರು. ಅದು ಮಾಸ್ತರಿಗೆ ತಿಳಿಯಲಿಲ್ಲ. ಮಾಸ್ತರು ಹೊರಸನ್ನು ಅಂಗೈಯಿಂದ ತಟ್ಟಿ ಕೂತರು.

ಕತ್ತಲಾಗುವ ತನಕ ಕೂತೇ ಇದ್ದರು. ವೈನಿ ಊಟಕ್ಕೆ ಕರೆದಾಗ, "ಹೇಳಿದ್ರೇನು?" ಎಂದು ಶೇಠರು ಕೇಳಿದರು.

"ನಾಳೆ ನೋಡೂಣು," ಎಂದರು ಮಾಸ್ತರು.

ಮರುದಿನ ಶಾಲೆ ಬಿಟ್ಟ ಮೇಲೆ ಮನೆಗೆ ಹೋಗದೆ ನೇರವಾಗಿ ಅಲ್ಲಿಗೇ ಹೋಗಿ ಕೂತರು. ಅಲ್ಲಿಂದ ಮುಂದೆ ಅದೇ ಪರಿಪಾಠ. ಮಾಸ್ತರು ಕನ್ನಡದಲ್ಲಿ ಹೆಡ್‌ಮಾಸ್ತರ ಕಾಟ, ಸೊಂಟದ ನೋವು, ಈ ಸಲದ ಬದನೆಕಾಯಿ ಸಪ್ಪಗಿರುವುದು ಎಲ್ಲ ಹೇಳುವರು. ಬಾಪಾ ಕಚ್ಛಿಯಲ್ಲಿ ಅವರದೇನೋ ಹೇಳುವರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಲೆಯಾಡಿಸುವರು. ಬಹಳಷ್ಟು ಹೊತ್ತು ಇಬ್ಬರೂ ಸುಮ್ಮನಿರುವರು. ಆಚೆ ಗರಗಸ ಕಿರ್ರೆಂದು ಕೊಯ್ಯುವುದು. ತಂದೆಯನ್ನು ಒಳಗೆ ಕರೆತರಲು ಕಳಿಸಿದ ಮನುಷ್ಯ ತಾನೂ ಹೊರಗೇ ಉಳಿದದ್ದನ್ನು ನೋಡಿ ಶೇಠರು ಹಣೆ ಚಚ್ಚಿಕೊಂಡರು. ಅವರು ಇನ್ನೊಂದು ಲೋಟ ಚಹಾ ಕಳಿಸತೊಡಗಿದರು.

ವೈನಿಯ ಒಲೆಗೆ ಕಟ್ಟಿಗೆಯ ಹೊಟ್ಟು ತರಲು ನಾನು ಆಗಾಗ ಮಿಲ್ಲಿಗೆ ಹೋಗುತ್ತಿದ್ದೆ. ಏಪ್ರಿಲ್‌ನ ಒಂದು ಸಂಜೆ ಹೋದಾಗ ಶೇಠರು ದಿಮ್ಮಿಗಳ ಸಂದಿಯಲ್ಲಿ ನೆಲದ ಮೇಲೆ ಕೂತಿದ್ದರು. ಕಣ್ಣು ಕೆಂಪಗಿದ್ದವು. ಮಿಲ್ಲಿನಲ್ಲಿ ಎಲ್ಲರ ಕಣ್ಣೂ ಕೆಂಪಗಿರುತ್ತವೆ, ಅದಕ್ಕೆ ನಾನು ಲಕ್ಷ್ಯ ಕೊಡಲಿಲ್ಲ. ಅವರೇ ಕರೆದರು.

"ಟೀಚರ, ಬಾಪಾ ಇವತ್ತ ಮಾತಾಡಿದ್ರು. ಅವತ್ತಿಂದು, ಮನಿ ಬಿದ್ದ ದಿನದ್ದು."

"ನಿಮ್ಮ ಮುಂದೇನ್ರಿ?"

"ನನ್ನ ಮುಂದೆಲ್ಲಿ? ಮಾಸ್ತರ ಮುಂದ. ನಾ ಇಲ್ಲೇ ದಿಮ್ಮಿ ಅಳೀತಿದ್ದೆ, ಕಿವಿಗೆ ಬಿತ್ತು. ನಮ್ಮವ್ವ ಒಳಗಿಂದ ಕರದಾಳಂತ್ರಿ, ರೊಟ್ಟಿ ಆರತೈತಿ ಬರ್ರಿ ಅಂತ. ಬಂದೆ ಅಂದಾರಂತ. ಎಮ್ಮಿ ಹಗ್ಗ ಗಂಟ ಬಿದ್ದಿತ್ತಂತ, ಬಿಡಿಸಿಕೋತ ನಿಂತಾರ. ಆಕಿ ಇನ್ನೊಮ್ಮೆ ಕರದಾಳ. ಈಗ ಬಂದೆ ಅಂದಾರ. ಅಷ್ಟ." ಶೇಠರು ಮುಖ ಒರೆಸಿಕೊಂಡರು. "ಅಲ್ಲಿ ಕೇಳೇನಿ, ಗಾಡ್ಯಾಗ ಕೇಳೇನಿ, ಇಲ್ಲಿ ಬಂದ ಮ್ಯಾಲೆ ಕೇಳೇನಿ. ಮಗಾ ನಾನು, ನನಗ ಹೇಳಲಿಲ್ಲ. ಮಾಸ್ತರಗ ಹೇಳ್ಯಾರ."

"ಮಾಸ್ತರಗ ತಿಳೀತೇನ್ರಿ?"

"ಎಲ್ಲಿಂದ ತಿಳೀಬೇಕು? ತಿಳಿಯೂದಿಲ್ಲಂತನ ಹೇಳ್ಯಾರ."

ಆ ರಾತ್ರಿ ಊಟವಾದ ಮೇಲೆ ನಾನು ಮಾಸ್ತರಿಗೆ, ಬಾಪಾ ಇವತ್ತು ನಿಮಗೆ ಏನು ಹೇಳಿದರೆಂದು ನನಗೆ ಗೊತ್ತಾಯಿತು, ಹೇಳಲೇ ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಬ್ಯಾಡ್ರಿ," ಎಂದರು. "ತಿಳಿದ್ರ ಏನರೆ ಹೇಳಬೇಕಾಗತೈತಿ."

ಮೇ ತಿಂಗಳಲ್ಲಿ ಬಾಪಾ ಕೆಲಸಕ್ಕೆ ಕೈ ಹಾಕಿದರು. ಅದಕ್ಕೂ ಮಾಸ್ತರೇ ಕಾರಣ, ಅಂದರೆ ಮಾಸ್ತರ ಭಾರ ಕಾರಣ. ದಿನಾ ಅವರನ್ನು ಹೊತ್ತು ಹೊತ್ತು ಹೊರಸು ನೆಲಕ್ಕೆ ಮುಟ್ಟುವಷ್ಟು ಜೋತುಬಿದ್ದಿತ್ತು. ಬಾಪಾ ಒಂದು ದಿನ ಮಾಸ್ತರ ರಟ್ಟೆ ಹಿಡಿದು ಎಬ್ಬಿಸಿದರು. ಮಾಸ್ತರು ಎದ್ದರು. ಇದನ್ನು ಕಂಡ ವೈನಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು. ಬಾಪಾ ಹಳೆಯ ಹುರಿ ಬಿಚ್ಚಿ ಹಾಕಿ, ಹೊಸ ಹುರಿ ತರಿಸಿ, ಅಡ್ಡ ಉದ್ದ ಎಳೆದು, ನಟ್ಟನಡುವೆ ಚೌಕಾಕಾರದ ಹೂವು ಮೂಡುವ ಹಾಗೆ ಹೊಸದಾಗಿ ನೇಯ್ದರು. ನಮ್ಮ ಕಡೆ ಅಂಥ ನೇಯ್ಗೆ ಯಾರೂ ಕಂಡಿರಲಿಲ್ಲ. ಮರುದಿನ ಒಬ್ಬರು ತಮ್ಮ ಹೊರಸು ಹೊತ್ತು ತಂದರು, ಆಮೇಲೆ ಇನ್ನೊಬ್ಬರು. ಬಾಪಾ ಎಲ್ಲರದನ್ನೂ ನೇಯ್ದು ಕೊಟ್ಟರು. ಮಾಸ್ತರು ಹುರಿಯ ಉಂಡೆ ಹಿಡಿದುಕೊಂಡು ಕೂರುತ್ತಿದ್ದರು. ಅವರ ಕೈಯಿಂದ ಉಂಡೆ ಉರುಳಿ ಹೋದರೆ ಬಾಪಾನೇ ಎದ್ದು ಹೋಗಿ ತರುತ್ತಿದ್ದರು.

ಜೂನ್ ಬಂತು, ಮಿರಗದ ಮಳೆ ಹತ್ತಿರ ಬಂತು. ಶೇಠರಿಗೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಗೆಳೆಯರೊಬ್ಬರಿದ್ದರು. ಅವರು ದೊಡ್ಡದೊಂದು ತಾಡಪತ್ರಿ ಕಳಿಸಿದರು. ಓಣಿಯ ಗಂಡಸರೆಲ್ಲ ಸೇರಿ ಬಿದಿರು ನೆಟ್ಟು ಅದನ್ನು ಹೊರಸಿನ ಮೇಲೆ ಕಟ್ಟಿದರು. ಮಡಿಕೆ ಬಿಚ್ಚುವಾಗ ಮೆಣಸಿನಕಾಯಿಯ ಧೂಳು ಹಾರಿ ಕಟ್ಟುವವರು, ನೋಡುವವರು, ಹಾದಿಯಲ್ಲಿ ಹೋಗುವವರು ಎಲ್ಲರೂ ಸೀನಿದರು. ಬಾಪಾ ಕೂಡ ಸೀನಿದರು. ಸೀನುವುದು ಮುಗಿದ ಮೇಲೆ ತಲೆಯೆತ್ತಿ ತಾಡಪತ್ರಿಯನ್ನು ನೋಡಿ, ಹೊರಸನ್ನು ಅದರ ಕೆಳಗಿನಿಂದ ಹೊರಗೆ ಎಳೆದುಕೊಂಡರು. ತಾಡಪತ್ರಿಯ ಕೆಳಗೆ ಓಣಿಯ ನಾಯಿಗಳು ಮಲಗಿದವು.

ಮಳೆ ಬಂದೇ ಬಂತು. ಬಾಪಾ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕೂತರು. ಶೇಠರು ಕಾಲು ಹಿಡಿದರು, ಸೊಸೆ ಅತ್ತರು. ಬಾಪಾ ಇಬ್ಬರ ತಲೆಯ ಮೇಲೂ ಕೈಯಿಟ್ಟು ಒಳಗೆ ಹೋಗಿರೆಂದು ಸನ್ನೆ ಮಾಡಿದರು. ಆಗ ಮಾಸ್ತರು ತಮ್ಮ ಮನೆಯಿಂದ ಹೊರಬಿದ್ದರು. ತಾವು ನೆನೆಯಬಾರದೆಂದು ಕೊಡೆ ಹಿಡಿದಿದ್ದರು. ಹೋಗಿ ಎಂದಿನ ಜಾಗದಲ್ಲಿ ಕೂತರು. ಕೊಡೆ ದೊಡ್ಡದು, ಅರ್ಧ ಬಾಪಾನ ಮೇಲೆ ಬಂತು. ಬಾಪಾ ತಲೆಯೆತ್ತಿ ಅದನ್ನು ನೋಡಿದರು. ನಾವೆಲ್ಲ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದೆವು. ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಕಡ್ಡಿಗಳನ್ನು ನೋಡಿದರು, ಬಿದ್ದರೂ ಯಾರೂ ಸಾಯುವುದಿಲ್ಲ ಎಂದು ಅನ್ನಿಸಿತೋ ಏನೋ, ಸುಮ್ಮನಾದರು. ಅಲ್ಲಿಂದ ಮಳೆ ಬಂದಾಗಲೆಲ್ಲ ಇಬ್ಬರೂ ಒಂದೇ ಕೊಡೆಯ ಕೆಳಗೆ ಹೊರಸಿನ ಮೇಲೆ ಕೂತಿರುತ್ತಿದ್ದರು. ಬಸ್‌ಸ್ಟ್ಯಾಂಡಿನ ಕಡೆ ಹೋಗುವ ಮಂದಿ ನಿಂತು ನೋಡಿ ಹೋಗುತ್ತಿದ್ದರು. ಹೆಡ್‌ಮಾಸ್ತರು ಕೂಡ ಒಂದು ಸಲ ಸ್ಕೂಟರು ನಿಲ್ಲಿಸಿ ನೋಡಿದರು.

ಮಾಸ್ತರಿಗೆ ಜ್ವರ ಬಂತು. ಬರಲೇಬೇಕಿತ್ತು, ಅರ್ಧ ಮೈ ಕೊಡೆಯ ಹೊರಗಿರುತ್ತಿತ್ತಲ್ಲ. ಒಂದು ಭಾನುವಾರ ಮುಂಜಾನೆ ನಾನು ಅವರ ಮನೆಗೆ ಗುಳಿಗೆ ತಂದು ಕೊಡಲು ಹೋಗಿದ್ದೆ. ಮಾಸ್ತರು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದ್ದರು. ವೈನಿ ಶುಂಠಿ ಕಷಾಯ ಕುದಿಸುತ್ತಿದ್ದರು. ಹೊರಗೆ ಸಣ್ಣಗೆ ಮಳೆ. ಬಾಗಿಲಲ್ಲಿ ನೆರಳಾಯಿತೆಂದು ನೋಡಿದರೆ ಬಾಪಾ.

ಹೊಸ್ತಿಲ ಆಚೆ ನಿಂತಿದ್ದರು. ಮೈಯೆಲ್ಲ ತೊಯ್ದಿತ್ತು. ಮಾಸ್ತರನ್ನು ನೋಡಿದರು, ಹಂಚು ನೋಡಿದರು, ಜಂತಿ ನೋಡಿದರು, ಮತ್ತೆ ಮಾಸ್ತರನ್ನು ನೋಡಿದರು. ಕೈ ಬಾಗಿಲಿನ ಚೌಕಟ್ಟನ್ನು ಹಿಡಿದಿತ್ತು. ನಾನು ಏಳಲು ಹೋದೆ. ವೈನಿ ನನ್ನ ಸೆರಗು ಜಗ್ಗಿ ಕೂರಿಸಿದರು.

ಮಾಸ್ತರು ಮಲಗಿದಲ್ಲಿಂದಲೇ ಅಂದರು, "ಬರ್ರಿ ಬಾಪಾ. ಕುಂದ್ರಿ."

ಬಾಪಾ ಹೊಸ್ತಿಲು ದಾಟಿದರು. ನೀರಿಗೆ ಇಳಿಯುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದು ಮಾಸ್ತರ ಹಾಸಿಗೆಯ ಪಕ್ಕದಲ್ಲಿ ನೆಲಕ್ಕೆ ಕೂತರು. ಹಣೆ ಮುಟ್ಟಿ ನೋಡಿದರು. ವೈನಿ ಎರಡು ಲೋಟ ಕಷಾಯ ತಂದಿಟ್ಟರು. ಬಾಪಾ ಒಂದು ಗುಟುಕು ಕುಡಿದಿರಬೇಕು, ಆಗ ಎದುರಿನ ಮಿಲ್ಲಿಗೆ ದಿಮ್ಮಿ ತುಂಬಿದ ಲಾರಿ ಬಂತು.

ನಮಗೆ ಅದು ದಿನದ ಮಾತು. ಲಾರಿ ಹೊರಳುವಾಗ ಮನೆ ಒಂದಿಷ್ಟು ಅದುರುತ್ತದೆ, ಗೋಡೆಯ ಮಾಡದಲ್ಲಿನ ತಾಟು ಲೋಟ ಗಲಗಲ ಅನ್ನುತ್ತವೆ. ಅವತ್ತೂ ಅಂದವು. ಬಾಪಾನ ಕೈಯಿಂದ ಲೋಟ ಬಿತ್ತು. ಎದ್ದು ನಿಂತರು. ಬಾಗಿಲು ಅವರಿಂದ ಮೂರು ಮಾರು ಕೂಡ ದೂರ ಇರಲಿಲ್ಲ, ಹೊರಗೆ ಓಡುತ್ತಾರೆ, ಇನ್ನು ಈ ಜನ್ಮದಲ್ಲಿ ಒಳಗೆ ಬರುವುದಿಲ್ಲ ಎಂದುಕೊಂಡೆ. ಬಾಪಾ ಓಡಲಿಲ್ಲ. ಬಗ್ಗಿ ಮಾಸ್ತರ ಕಂಕುಳಲ್ಲಿ ಎರಡೂ ಕೈ ಹಾಕಿ ಅವರನ್ನು ಬಾಗಿಲ ಕಡೆ ಎಳೆಯತೊಡಗಿದರು. ಬಾಯಲ್ಲಿ ಏನೋ ಕೂಗುತ್ತಿದ್ದರು. ಮಾಸ್ತರ ಮೈ ಒಂದು ಗೇಣು ಸರಿದಿರಬಹುದು. ಆ ಮೈಯನ್ನು ಎತ್ತುವುದು ನಾಲ್ಕು ಹಮಾಲರ ಕೆಲಸ. ಬಾಪಾನ ಕಾಲು ಕೌದಿಯಲ್ಲಿ ಸಿಕ್ಕಿಕೊಂಡವು, ಬಿದ್ದರು, ಮತ್ತೆ ಎದ್ದು ಎಳೆದರು. ಬಿಡಲಿಲ್ಲ.

"ಲಾರಿ, ಬಾಪಾ, ಲಾರಿ," ಎನ್ನುತ್ತಿದ್ದರು ಮಾಸ್ತರು. ಎಳೆಸಿಕೊಳ್ಳುತ್ತಲೇ ಅವರ ಕೈ ಹಿಡಿದುಕೊಂಡರು. "ಲಾರಿರೀ. ಏನೂ ಆಗಿಲ್ಲ. ಕುಂದ್ರಿ."

ಲಾರಿ ನಿಂತಿತು. ತಾಟುಗಳ ಸದ್ದು ನಿಂತಿತು. ಬಾಪಾ ಮಾಡದ ಕಡೆ ನೋಡಿದರು, ಜಂತಿಯ ಕಡೆ ನೋಡಿದರು. ಎಲ್ಲ ಇದ್ದಲ್ಲೇ ಇದ್ದವು. ಮಾಸ್ತರ ಪಕ್ಕದಲ್ಲಿ ಕುಸಿದು ಕೂತು, ಅವರ ಎದೆಯ ಮೇಲೆ ಹಣೆಯಿಟ್ಟು ಅಳತೊಡಗಿದರು. ಬಹಳ ಹೊತ್ತು ಅತ್ತರು. ಮಾಸ್ತರು ಕದಲಲಿಲ್ಲ. ನಾನೂ ವೈನಿಯೂ ಒಲೆಯ ಹತ್ತಿರ ಕೂತು ಬಿದ್ದ ಕಷಾಯವನ್ನು ನೋಡುತ್ತಿದ್ದೆವು. ಅದನ್ನು ಒರೆಸಲು ಏಳಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ.

ಜ್ವರ ಮರುದಿನವೇ ಬಿಟ್ಟಿತು. ಮಾಸ್ತರು ವಾರಪೂರ್ತಿ ಮಲಗಿದರು. ಹೆಡ್‌ಮಾಸ್ತರು ಶಾಲೆಯ ಸಿಪಾಯಿಯನ್ನು ಕಳಿಸಿದರು. ವೈನಿ ಬಾಗಿಲಲ್ಲೇ ತಡೆದು, "ಭಾಳ ಅಶಕ್ತ ಆಗ್ಯಾರ," ಎಂದು ಹೇಳಿ ಕಳಿಸಿದರು. ಒಳಗೆ ಮಾಸ್ತರು ರೊಟ್ಟಿ ಮುರಿಯುತ್ತಿದ್ದರು, ಬಾಪಾ ಅವರಿಗೆ ಪಲ್ಯ ಬಡಿಸುತ್ತಿದ್ದರು. ದಿನಾ ಮುಂಜಾನೆ ಬಾಪಾ ಬರುವರು, ರೋಗಿಯ ಪಕ್ಕ ಕೂರುವರು, ಲಾರಿ ಬಂದರೆ ಮಾಸ್ತರ ಕೈ ಹಿಡಿದುಕೊಳ್ಳುವರು. ಇಡೀ ಓಣಿಗೆ ಮಾಸ್ತರು ಮೈಗಳ್ಳರೆಂದು ಗೊತ್ತಿತ್ತು, ಆದ್ದರಿಂದ ಯಾರಿಗೂ ಏನೂ ಸಂಶಯ ಬರಲಿಲ್ಲ. ಬಾಪಾನ ಸಲುವಾಗಿ ಮಲಗಿದ್ದೀರೇನು ಎಂದು ನಾನು ಕೇಳಿದಾಗಲೂ, "ನಾ ಏನ ಮಾಡೇನ್ರಿ? ಸುಮ್ನ ಬಿದ್ದಕೊಂಡೇನಿ," ಎಂದರು. ಅದೂ ಖರೆಯೇ.

ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಬಾಪಾ ಅಲ್ಲೇ ನೆಲದ ಮೇಲೆ ಅಡ್ಡಾಗಿ ನಿದ್ದೆ ಹೋದರು. ವೈನಿ ಶೇಠರನ್ನು ಸನ್ನೆ ಮಾಡಿ ಕರೆದರು. ಶೇಠರು ಬಾಗಿಲಿಗೆ ಬಂದು, ಹಂಚಿನ ಕೆಳಗೆ ಮಲಗಿದ್ದ ತಂದೆಯನ್ನು ನೋಡುತ್ತ ಒಂದಿಷ್ಟು ಹೊತ್ತು ನಿಂತರು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸಪ್ಪಳವಾಗದಂತೆ ಓಣಿ ದಾಟಿ ಮಿಲ್ಲಿಗೆ ಹೋಗಿ ಗರಗಸ ನಿಲ್ಲಿಸಿದರು. ಓಣಿ ಒಮ್ಮೆಲೇ ನಿಶ್ಶಬ್ದವಾಯಿತು. ಏನಾಯಿತೆಂದು ಮಂದಿ ಹೊರಗೆ ಬಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಪಾ ಮಗನ ಮನೆಯೊಳಗೂ ಮಲಗತೊಡಗಿದ್ದರು, ಬಾಗಿಲ ಹತ್ತಿರ, ಬಾಗಿಲು ತೆರೆದಿಟ್ಟು. ದೀಪಾವಳಿಯಾದ ಮೇಲೆ ಊರಿಗೆ ಹೋಗುತ್ತೇನೆಂದು ತಾವೇ ಹೇಳಿದರು. ಅಲ್ಲಿ ಊರವರು ಹೊಸ ಜಾಗದಲ್ಲಿ ಮನೆ ಕಟ್ಟುತ್ತಿದ್ದರು. ಬೇರೆಯವರ ಕೊಟ್ಟಿಗೆಯಲ್ಲಿ ಕಟ್ಟಿದ್ದ ಎಮ್ಮೆ ಕರು ಹಾಕಿತ್ತಂತೆ. ಇಲ್ಲೇ ಇರಿ ಎಂದು ಶೇಠರು ಎಷ್ಟು ಹೇಳಿದರೂ ಕೇಳಲಿಲ್ಲ. ಬಾಗಿಲು ಕಿಟಕಿಗೆ ಸಾಗವಾನಿ ಕೊಯ್ಯಿಸಿ ಮುಂಚೆಯೇ ಲಾರಿಯಲ್ಲಿ ಕಳಿಸಿದ್ದಾಯಿತು. ಶೇಠರು ತಂದೆಯನ್ನು ಬಿಟ್ಟು ಬರಲು ಹೊರಟರು.

ಹೊರಡುವ ಸಂಜೆ ಓಣಿಯವರು ಬಹಳ ಮಂದಿ ಸ್ಟೇಷನ್ನಿಗೆ ಹೋಗಿದ್ದೆವು. ವೈನಿ ಸಜ್ಜಿರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಗಾಡಿ ಬಂತು. ಶೇಠರು ಸಾಮಾನು ಏರಿಸಿದರು. ಬಾಪಾ ಎಲ್ಲರಿಗೂ ಕೈಮುಗಿದು, ಹತ್ತಿ, ಕಿಟಕಿಯ ಪಕ್ಕ ಕೂತರು. ಮಾಸ್ತರು ಅವರ ಹಿಂದೆಯೇ ಹತ್ತಿ, ಬೆಂಚನ್ನು ಅಂಗೈಯಿಂದ ತಟ್ಟಿ, ಪಕ್ಕದಲ್ಲಿ ಕೂತರು. ನಾವು ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆವು. ಗಾಡಿ ಸೀಟಿ ಊದಿತು.

"ಇಳೀರ್ರೀ, ಗಾಡಿ ಬಿಡ್ತೈತಿ!" ಎಂದು ವೈನಿ ಕೂಗಿದರು.

ಮಾಸ್ತರು ನಮ್ಮ ಕಡೆ ನೋಡಿದರು, ಕೈಯೆತ್ತಿದರು. ಗಾಡಿ ಹೊರಟಿತು. ಅವರು ಕೂತೇ ಇದ್ದರು. ಕಿಟಕಿ ನಮ್ಮ ಮುಂದಿನಿಂದ ಸರಿದು ಹೋಯಿತು. ಕಡೆಯ ಡಬ್ಬಿಯೂ ಹೋಯಿತು.

ವೈನಿ ಹಳಿಗಳ ಕಡೆ ನೋಡುತ್ತ ನಿಂತು, "ಹಾವೇರ್ಯಾಗ ಇಳೀತಾರ ಬಿಡ್ರಿ. ಬಸ್ಸಿಗೆ ಬರ್ತಾರ," ಎಂದರು.

ಆ ರಾತ್ರಿ ಮಾಸ್ತರು ಬರಲಿಲ್ಲ. ಮರುದಿನ ಶಾಲೆಗೂ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ, ಅಂಗಿಯೆಲ್ಲ ಮುದುಡಿಕೊಂಡು, ಬಸ್‌ಸ್ಟ್ಯಾಂಡಿನಿಂದ ನೇರವಾಗಿ ಶಾಲೆಗೇ ಬಂದರು. ಹೆಡ್‌ಮಾಸ್ತರು ಸ್ಟಾಫ್‌ರೂಮಿನಲ್ಲಿ ನಮ್ಮೆಲ್ಲರ ಮುಂದೆ ಕೇಳಿದರು.

"ಗೆಳ್ಯಾರನ್ನ ಗಾಡಿ ಹತ್ತಿಸಿ ಬರ್ತೇನಿ ಅಂತ ಒಂದ ತಾಸ ಮುಂಚೆ ಹೋದ್ರಿ. ಎಲ್ಲಿಗೆ ಹೋಗಿದ್ರಿ ಮಾಸ್ತರ?"

"ಮೀರಜಕ್ಕ ಹೋಗಿದ್ದೆ ಸರ್."

"ಮೀರಜ್? ಮಹಾರಾಷ್ಟ್ರದಾಗ ಏನು ಕೆಲಸ ಇತ್ತು?"

"ಏನೂ ಇದ್ದಿಲ್ಲ. ಹಾವೇರ್ಯಾಗ ಇಳೀಬೇಕಂತ ಇದ್ದೆ. ಅಷ್ಟರಾಗ ಬಾಪಾಗ ನಿದ್ದಿ ಹತ್ತಿತು. ತಲಿ ನನ್ನ ಹೆಗಲ ಮ್ಯಾಲಿತ್ತು." ಮಾಸ್ತರು ಎಡ ಹೆಗಲನ್ನು ಒಮ್ಮೆ ಮುಟ್ಟಿಕೊಂಡರು. "ಹೆಂಗ ಏಳಲಿ ಸರ್?"

ಹೆಡ್‌ಮಾಸ್ತರು ಹಾಜರಿ ಪುಸ್ತಕ ಮುಚ್ಚಿದರು.

"ಮೀರಜದಾಗ ಎಚ್ಚರಾತು," ಎಂದರು ಮಾಸ್ತರು. "ಇಳದು ಬಂದೆ."